ಬೇಸಿಗೆ ಶಿಬಿರಕ್ಕೆ ಮತ್ತೆ ದುಡ್ಡು ಕಟ್ಟಬೇಕೇ? ಹೋದ ವರ್ಷದ ಏಟು ಇನ್ನೂ ಮಾಸಿಲ್ಲ

ಸೂಜಿದಾರ (ಮಾರ್ಚ್ 16)

ನಮಸ್ಕಾರ. ಹನುಮಂತನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಕುಚ್ಚು, ಹಳೆಯ ರೇಷ್ಮೆ ಸೀರೆಯಲ್ಲಿ ಮಕ್ಕಳ ಲಂಗ, ಇಷ್ಟೇ ನನ್ನ ಪ್ರಪಂಚ. ಏಪ್ರಿಲ್, ಮೇ ಬಂತೆಂದರೆ ಮದುವೆಗಳ ಕಾಲ. ವರ್ಷದ ಅರ್ಧ ಬಾಡಿಗೆ ಹುಟ್ಟುವುದು ಆ ಎರಡು ತಿಂಗಳಲ್ಲಿ. ಶಾಲೆಯವರು ಮಕ್ಕಳನ್ನು ಮನೆಗೆ ಬಿಡುವುದೂ ಸರಿಯಾಗಿ ಆಗಲೇ. ಏಪ್ರಿಲ್ ಹತ್ತರ ಆಸುಪಾಸಿನಲ್ಲಿ ಫಲಿತಾಂಶ ಕೊಟ್ಟು ಕಳಿಸಿದರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಎಂಟು. ಅಂಗಡಿಯ ಉದ್ದ ಹತ್ತಡಿ, ಅಗಲ ಎಂಟಡಿ. ಅದರಲ್ಲಿ ಎರಡು ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ ಮತ್ತು ನಾನು. ಉಳಿದ ಜಾಗದಲ್ಲಿ ಅವರಿಬ್ಬರೂ ಜಗಳವಾಡುತ್ತಾರೆ.

ಹೋದ ವರ್ಷ ಮರ್ಯಾದೆಯಾಗಿ ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದೆ. ಹತ್ತು ದಿನ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ತಲೆಗೆ 3,500 ರೂಪಾಯಿ. ಕರಪತ್ರದಲ್ಲಿ ಹದಿನಾಲ್ಕು ವಿದ್ಯೆಗಳ ಹೆಸರಿತ್ತು: ಕರಾಟೆ, ವೇದಗಣಿತ, ಕುಂಬಾರಿಕೆ, ಒಲೆಯಿಲ್ಲದ ಅಡುಗೆ, ರೋಬಾಟಿಕ್ಸ್, ವ್ಯಕ್ತಿತ್ವ ವಿಕಸನ, ಇನ್ನೂ ಏನೇನೋ. ಹತ್ತು ದಿನಕ್ಕೆ ಹದಿನಾಲ್ಕು ವಿದ್ಯೆ ಎಂದರೆ ದಿನಕ್ಕೆಷ್ಟಾಯಿತು ಎಂಬ ಲೆಕ್ಕವನ್ನು ನಾನು ಆಗಲೇ ಹಾಕಬೇಕಿತ್ತು. ಅಳತೆ ತೆಗೆಯುವುದೇ ಕಸುಬಾದವಳು ಅಲ್ಲಿ ಮಾತ್ರ ಎಡವಿದೆ.

ಜಾಗವೆಂದರೆ ಒಂದು ಮನೆಯ ತಾರಸಿ, ಮೇಲೆ ತಗಡು. ಕುಂಬಾರಿಕೆ ಎಂದರೆ ಒಂದು ಹಿಡಿ ಜೇಡಿಮಣ್ಣು, ಅದರಲ್ಲಿ ಒಂದು ಹಣತೆ, ಅರ್ಧ ಗಂಟೆ. ರೋಬಾಟಿಕ್ಸ್ ಎಂದರೆ ಒಂದೇ ಪೆಟ್ಟಿಗೆ, ಸುತ್ತ ನಲವತ್ತು ಮಕ್ಕಳು. ಕಲಿಸುವಾತನೇ ಜೋಡಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯ ದಿನ ನಮ್ಮನ್ನೆಲ್ಲ ಕರೆದು ನೃತ್ಯ ತೋರಿಸಿ ಪ್ರಮಾಣಪತ್ರ ಕೊಟ್ಟರು. ಮಗನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು. ಅವನು ಬಸ್ಸಿನಲ್ಲಿ ಹೇಳಿದ ಮಾತು: "ಅಮ್ಮಾ, ಅಲ್ಲಿಯೂ ಕೈಕಟ್ಟಿ ಕೂರಿಸುತ್ತಾರೆ. ಸಮವಸ್ತ್ರ ಒಂದಿಲ್ಲ ಅಷ್ಟೇ."

ಆದರೆ ಒಂದು ಸಂಗತಿ ಹೇಳದಿದ್ದರೆ ಅನ್ಯಾಯವಾದೀತು. ಒಂದು ದಿನ ಯಾರೋ ಮೇಷ್ಟರು ಬರುವುದು ತಡವಾಯಿತಂತೆ. ಆಗ ತ್ಯಾಗರಾಜನಗರದ ಒಬ್ಬ ಹುಡುಗಿ ನನ್ನ ಮಗಳಿಗೆ ಚೌಕಾಬಾರ ಹೇಳಿಕೊಟ್ಟಿದ್ದಾಳೆ. ಮರುದಿನ ನನ್ನ ಗುರುತು ಹಾಕುವ ಸೀಮೆಸುಣ್ಣ ಮಾಯ. ಅಂಗಡಿಯ ಮೆಟ್ಟಿಲ ಮೇಲೆ ಮನೆಗಳನ್ನು ಗೀಚಿಕೊಂಡು, ಹುಣಸೆ ಬೀಜಗಳನ್ನು ಕಲ್ಲಿಗೆ ತಿಕ್ಕುತ್ತ ಕುಳಿತಿದ್ದಳು. ಒಂದು ಬದಿಯ ಕಂದು ಸಿಪ್ಪೆ ಸವೆದು ಬಿಳುಪು ಕಾಣುವವರೆಗೆ ತಿಕ್ಕಬೇಕು. ಬೆರಳ ತುದಿ ಬಿಸಿಯಾದಾಗ ಬೀಜವನ್ನು ಇನ್ನೊಂದು ಕೈಗೆ ಬದಲಾಯಿಸುತ್ತಿದ್ದಳು. ಒಂದೂವರೆ ಗಂಟೆ ತಲೆ ಎತ್ತಲಿಲ್ಲ. ಏಳು ಸಾವಿರಕ್ಕೆ ನನಗೆ ಸಿಕ್ಕಿದ್ದು ಅದೊಂದೇ, ಅದೂ ಕರಪತ್ರದಲ್ಲಿ ಇರಲಿಲ್ಲ.

ಯಜಮಾನರದು ಒಂದೇ ಪಲ್ಲವಿ: "ಊರಿಗೆ ಕಳಿಸು." ಮಾಗಡಿ ಕಡೆಯ ಊರು. ಮಂಡಿನೋವೆಂದು ಅತ್ತೆ ಎರಡು ವರ್ಷದಿಂದ ನಮ್ಮಲ್ಲೇ ಇದ್ದಾರೆ, ಅಲ್ಲಿ ಮನೆಗೆ ಬೀಗ. ಅಜ್ಜಿಮನೆ ಈಗ ನಮ್ಮ ನಡುಮನೆಯ ದಿವಾನಿನ ಮೇಲಿದೆ. ಇನ್ನೆಲ್ಲಿಗೆ ಕಳಿಸಲಿ?

ಗಿರಾಕಿ ಬಂದಾಗ ಮಕ್ಕಳ ಬಾಯಿ ಮುಚ್ಚಿಸಲು ಮೊಬೈಲು ಕೊಡುತ್ತೇನೆ. ಅದು ತಪ್ಪೆಂದು ನನಗೂ ಗೊತ್ತು. ಈ ಶಿಬಿರಗಳಿಂದ ಮಕ್ಕಳಿಗೆ ನಿಜವಾಗಿ ಏನಾದರೂ ದಕ್ಕುತ್ತದೆಯೇ? ದಕ್ಕುವುದಾದರೆ ಎಂಥದ್ದನ್ನು ಹುಡುಕಬೇಕು? ಕೈಯಲ್ಲಿರುವುದು ಐದು ಸಾವಿರ. "ಮಕ್ಕಳೊಂದಿಗೆ ನೀವೇ ಸಮಯ ಕಳೆಯಿರಿ" ಎಂಬ ಉಪದೇಶ ದಯವಿಟ್ಟು ಬೇಡ. ಅಷ್ಟು ಬಟ್ಟೆ ನನ್ನ ಥಾನಿನಲ್ಲಿಲ್ಲ.

ವರ್ತೂರು ಕೋಡಿ (ಮಾರ್ಚ್ 16)

ಮೇಡಂ, ನಾನು ಸುತ್ತಿಬಳಸಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಶಿಬಿರಕ್ಕೆ ನಾವು ಕೊಡುವ ದುಡ್ಡು ವಿದ್ಯೆಗಲ್ಲ, ಕಾವಲಿಗೆ. ಒಂಬತ್ತರಿಂದ ಐದರವರೆಗೆ ಮಗ ಸುರಕ್ಷಿತವಾಗಿರಬೇಕು, ಊಟ ಆಗಿರಬೇಕು. ಕರಪತ್ರದ ಹದಿನಾಲ್ಕು ವಿದ್ಯೆಗಳೆಲ್ಲ ನಮ್ಮ ಅಪರಾಧಪ್ರಜ್ಞೆಗೆ ಹಚ್ಚುವ ಮುಲಾಮು. ಇದನ್ನು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ನನಗೆ ಶಿಬಿರ ಆರಿಸುವುದು ಸುಲಭವಾಯಿತು. ನೀರು, ಶೌಚಾಲಯ, ನೆರಳು, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು, ಕರೆದೊಯ್ಯಲು ಬೇರೆ ಯಾರಾದರೂ ಬಂದರೆ ಫೋನ್ ಮಾಡಿ ಕೇಳುತ್ತಾರೋ ಇಲ್ಲವೋ, ಇಷ್ಟೇ ನೋಡುತ್ತೇನೆ.

ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ 2021ರಿಂದ ದೇಶದ ಎಲ್ಲ ಕಡೆ ಸರ್ಕಾರದ ದುಡ್ಡಿನಲ್ಲಿ ರಜಾ ಚಟುವಟಿಕೆಗಳು ನಡೆಯುತ್ತಿವೆ. ಶಾಲೆಯಲ್ಲಿ ಉಚಿತ ಊಟ ಪಡೆಯುವ ಮನೆಗಳ ಮಕ್ಕಳಿಗೆ ಮುಖ್ಯವಾಗಿ ಅದು. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ನಾಲ್ಕು ದಿನ, ವರ್ಷದಲ್ಲಿ ಆರು ವಾರ. ಆಟ ಮತ್ತು ಊಟ ಒಂದೇ ಕಡೆ. ಶಾಲೆ ಮುಚ್ಚಿದರೆ ತಟ್ಟೆಯೂ ಮುಚ್ಚುತ್ತದೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಇಲ್ಲಿ ನಾವು ಮಾತ್ರ ಇನ್ನೂ "ವ್ಯಕ್ತಿತ್ವ ವಿಕಸನ" ಎನ್ನುತ್ತಿದ್ದೇವೆ.

ಬೆಳಕು ಬಿಡುವವನು (ಮಾರ್ಚ್ 17)

ಅಕ್ಕಾ, ನಾನು ನಾಟಕಗಳಿಗೆ ಬೆಳಕು ಮಾಡುತ್ತೇನೆ. ಬೇಸಿಗೆ ಶಿಬಿರದಿಂದಲೇ ಕೆಟ್ಟುಹೋದ ಹುಡುಗ ಎಂದು ನಮ್ಮಮ್ಮ ಈಗಲೂ ಹೇಳುತ್ತಾರೆ.

ಹತ್ತು ವರ್ಷದವನಿದ್ದಾಗ ರಾಜಾಜಿನಗರದ ಒಂದು ಸಮುದಾಯ ಭವನದಲ್ಲಿ ತಿಂಗಳ ಶಿಬಿರ. ಕಲಿಸಿದವರೊಬ್ಬರು ಮೈಸೂರಿನ ರಂಗಾಯಣ ನಾಟಕ ಸಂಸ್ಥೆ ಮಕ್ಕಳಿಗೆ ನಡೆಸುವ ಬೇಸಿಗೆ ಶಿಬಿರವಾದ ಚಿಣ್ಣರ ಮೇಳದಲ್ಲಿ ದುಡಿದು ಬಂದಿದ್ದರು. ಮೊದಲ ವಾರವಿಡೀ ಮುಖವಾಡ. ಜೇಡಿಮಣ್ಣಿನಲ್ಲಿ ಮುಖ ಮಾಡಿ, ಅದರ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚುವುದು. ಅಂಟು ಕುದಿಯುವಾಗ ಅವರು ಒಂದು ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು, ಹುಳ ಹಿಡಿಯದಿರಲೆಂದು. ವಿಷವೆಂದು ಆ ಡಬ್ಬಿಯನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ, ಎತ್ತರದ ಕಿಟಕಿಯಲ್ಲಿ ಇಡುತ್ತಿದ್ದರು. ಆ ನೀಲಿಯನ್ನು ನೋಡಲೆಂದೇ ನಾನು ಬೇಗ ಹೋಗುತ್ತಿದ್ದೆ. ಒಂದು ಪದರ ಒಣಗದೆ ಇನ್ನೊಂದು ಹಚ್ಚಿದರೆ ಒಳಗೆ ಬೂಸ್ಟು ಬರುತ್ತದೆ. ಎರಡು ಸಲ ನನ್ನದು ಬೂಸ್ಟು ಹಿಡಿಯಿತು. ಯಾರೂ ಬೈಯಲಿಲ್ಲ, ಯಾರೂ ನನ್ನ ಬದಲು ಮಾಡಿಕೊಡಲೂ ಇಲ್ಲ. ಮೂರನೆಯದು ನಿಂತಿತು.

ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ. ಪರದೆಯ ಹಗ್ಗ ಕೊಟ್ಟರು. ಕೊನೆಯ ದಿನ ಗಡಿಬಿಡಿಯಲ್ಲಿ ಎಳೆದು, ರಾಜನ ಗಡ್ಡ ಪರದೆಗೆ ಸಿಕ್ಕಿ ಕಿತ್ತು ಬಂತು. ಜನ ನಕ್ಕಿದ್ದೇ ನಕ್ಕಿದ್ದು. ಆ ಕತ್ತಲಲ್ಲಿ ನಿಂತು ಬೆಳಕಿನ ಕಡೆ ನೋಡುವ ಜಾಗ ನನ್ನದೆಂದು ನನಗೆ ಅಂದೇ ತಿಳಿಯಿತು.

ನಾನೀಗ ಕೆಲವು ಶಿಬಿರಗಳಿಗೆ ಹೋಗುತ್ತಿರುತ್ತೇನೆ. ಕೇಡು ಎಲ್ಲಿದೆ ಹೇಳುತ್ತೇನೆ ಕೇಳಿ: ಕೊನೆಯ ದಿನದ ಪ್ರದರ್ಶನದಲ್ಲಿ. ಹತ್ತು ದಿನದ ಶಿಬಿರದಲ್ಲಿ ಮೂರನೆಯ ದಿನವೇ ತಾಲೀಮು ಶುರುವಾಗುತ್ತದೆ, ಏಕೆಂದರೆ ಪೋಷಕರು ಬಂದು ಮೊಬೈಲಿನಲ್ಲಿ ಹಿಡಿದುಕೊಳ್ಳಬೇಕು. ಅಲ್ಲಿಂದಾಚೆ ತಪ್ಪು ಮಾಡಲು ಮಗುವಿಗೆ ಬಿಡುವೇ ಇಲ್ಲ. ಪ್ರೇಮಾ ಕಾರಂತರು ಇದೇ ಬೆಂಗಳೂರಿನಲ್ಲಿ 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಮಕ್ಕಳ ರಂಗಭೂಮಿ ಎಂದರೆ ದೊಡ್ಡವರ ನಾಟಕದ ಗಿಡ್ಡ ಪ್ರತಿಯಲ್ಲ ಎಂದು ಈ ಊರಿಗೆ ತೋರಿಸಿದವರಲ್ಲಿ ಅವರು ಮುಖ್ಯರು. ಅಷ್ಟಾದರೂ ಬುದ್ಧಿ ಬಂದಿಲ್ಲ. ಹಾಗಾಗಿ ಸೇರಿಸುವ ಮೊದಲು "ಕೊನೆಯ ದಿನ ಏನು?" ಎಂದು ಕೇಳಿ. ಉತ್ತರ ಉದ್ದವಾದಷ್ಟೂ ಆ ಕಡೆ ಹೋಗಬೇಡಿ.

ಹಳೇ ಬೆಂಗಳೂರಿಗ (ಮಾರ್ಚ್ 17)

ನಮ್ಮ ಕಾಲದಲ್ಲಿ ಶಿಬಿರವೆಲ್ಲಿತ್ತು? ಬೆಳಿಗ್ಗೆ ಹೊರಟರೆ ಲಗೋರಿ, ಚಿನ್ನಿದಾಂಡು, ಮಾವಿನಕಾಯಿ ಕದಿಯುವುದು. ಬೀದಿಯೇ ಶಿಬಿರ. ಈಗಿನವರಿಗೆ ಎಲ್ಲಕ್ಕೂ ರಸೀದಿ ಬೇಕು.

ಸೂಜಿದಾರ (ಮಾರ್ಚ್ 17)

ಹಳೇ ಬೆಂಗಳೂರಿಗರೇ, ಬಹಳ ಸಂತೋಷ. ಆ ಬೀದಿಯನ್ನು ವಾಪಸ್ಸು ಕೊಡಿ, ನಾಳೆಯೇ ಮಕ್ಕಳನ್ನು ಬಿಡುತ್ತೇನೆ. ನಮ್ಮ ಬೀದಿಯಲ್ಲಿ ಈಗ ಎರಡೂ ಬದಿ ಕಾರು ನಿಂತಿರುತ್ತವೆ, ನಡುವೆ ಒಂದು ಆಟೊ ಮಾತ್ರ ಹೋಗುತ್ತದೆ. ಲಗೋರಿಯ ಚೆಂಡು ತಾಗಿದರೆ ಗಾಜಿನ ದುಡ್ಡು ನಾನು ಕೊಡಬೇಕು. ಮಾವಿನ ಮರದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ.

ಬೆಳಕಿನ ತಮ್ಮಾ, ಮೈಲುತುತ್ತಿನ ಸಂಗತಿ ಓದಿ ಮಗ "ನನಗೂ ಬೇಕು" ಎಂದ. ನಿನ್ನ ಅಮ್ಮನ ಮಾತು ಈಗ ಅರ್ಥವಾಯಿತು.

ನಿವೃತ್ತ ವಿಜ್ಞಾನ ಮೇಷ್ಟ್ರು (ಮಾರ್ಚ್ 18)

ತಾಯೀ, ಕಾಮಾಕ್ಷಿಪಾಳ್ಯದ ಕಡೆ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ನಾನು. ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ, ಅಂದರೆ ಏನಾದರೂ ದಕ್ಕುತ್ತದೆಯೇ ಎಂಬುದಕ್ಕೆ, ಮೊದಲು ಉತ್ತರಿಸುತ್ತೇನೆ.

ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಎಂಬವರೂ ಅವರ ಜೊತೆಗಾರರೂ 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರು. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳು ಸರಾಸರಿ ಒಂದು ತಿಂಗಳ ಪಾಠದಷ್ಟು ಹಿಂದೆ ಬಿದ್ದಿರುತ್ತಾರೆ, ಅದರಲ್ಲೂ ಗಣಿತದಲ್ಲಿ ಹೆಚ್ಚು ಎಂದರು. ಓದುವುದರಲ್ಲಿ ಮಾತ್ರ ಉಳ್ಳವರ ಮಕ್ಕಳು ಹಿಂದೆ ಬೀಳಲಿಲ್ಲ, ಬಡವರ ಮಕ್ಕಳು ಬಿದ್ದರು. ಆಮೇಲೆ ಬಂದವರು ಬೇರೆ ಪರೀಕ್ಷೆಗಳನ್ನಿಟ್ಟು ನೋಡಿ, ಈ ಅಂತರ ಎಲ್ಲ ಕಡೆ ಕಾಣುವುದಿಲ್ಲ ಎಂದು ತಕರಾರು ತೆಗೆದಿದ್ದಾರೆ. ಅವರ ರಜೆ ನಮ್ಮದಕ್ಕಿಂತ ಉದ್ದ ಬೇರೆ. ಆದ್ದರಿಂದ ಇದನ್ನು ಹಿಡಿದುಕೊಂಡು ಯಾರಾದರೂ "ರಜೆಯಲ್ಲಿ ನಿಮ್ಮ ಮಗು ಹಿಂದೆ ಬೀಳುತ್ತದೆ" ಎಂದು ಹೆದರಿಸಿ ದುಡ್ಡು ಕೇಳಿದರೆ ಕೊಡಬೇಡಿ. ಮಗ್ಗಿ ಮರೆತರೆ ಜೂನ್‌ನಲ್ಲಿ ನಮ್ಮಂಥವರು ಹೇಳಿಕೊಡುತ್ತೇವೆ, ಸಂಬಳ ಅದಕ್ಕೇ ಇರುವುದು.

ನಾನು ಕಂಡ ನಷ್ಟ ಬೇರೆಯೇ. ನಮ್ಮ ಶಾಲೆಯ ಮಕ್ಕಳ ತಾಯಂದಿರು ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ಒಂದು ಏಪ್ರಿಲ್‌ನಲ್ಲಿ ವರ್ಗಾವಣೆ ಪತ್ರದ ಕೆಲಸಕ್ಕೆ ಒಂದು ವಠಾರಕ್ಕೆ ಹೋದೆ. ಬಾಗಿಲಿಗೆ ಹೊರಗಿನಿಂದ ಬೀಗ. ಕಿಟಕಿಯ ಸರಳಿನ ಹಿಂದೆ ನನ್ನ ಐದನೇ ತರಗತಿಯ ಹುಡುಗಿ, ಸೊಂಟದಲ್ಲಿ ತಮ್ಮ. "ಸಾರ್, ನಮಸ್ತೆ" ಎಂದಳು, ತರಗತಿಯಲ್ಲಿ ಎದ್ದು ನಿಂತು ಹೇಳುವ ಹಾಗೆಯೇ. ಮಧ್ಯಾಹ್ನ ಏನು ತಿಂದೆ ಎಂದು ಕೇಳಿದ್ದಕ್ಕೆ ಬಿಸ್ಕತ್ತಿನ ಪೊಟ್ಟಣ ಎತ್ತಿ ತೋರಿಸಿದಳು.

ಮುಂದಿನ ವರ್ಷ ನಾವು ಮೂವರು ಶಿಕ್ಷಕರು ಸೇರಿ ಶಾಲೆಯ ಹಿಂಬದಿಯ ಹೊಂಗೆ ಮರದ ಕೆಳಗೆ ಹದಿನೈದು ದಿನ ಶಿಬಿರ ಮಾಡಿದೆವು. ಗಿರಣಿಯವರೊಬ್ಬರು ಅವಲಕ್ಕಿ ಕೊಟ್ಟರು. ಹಾಡು, ಆಟ, ಅವಲಕ್ಕಿ, ಅಷ್ಟೇ. ಪಾಠ ಮಾಡಲಿಲ್ಲ. ಆ ಹುಡುಗಿ ತಮ್ಮನನ್ನು ಹೊತ್ತುಕೊಂಡೇ ಬಂದಳು. ಮೂರನೆಯ ದಿನ ಅವನನ್ನು ನಮ್ಮ ಹಿಂದಿ ಟೀಚರ ತೊಡೆಯ ಮೇಲೆ ಕೂರಿಸಿ ತಾನು ಕುಂಟೆಬಿಲ್ಲೆಗೆ ಹೋದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವರ್ತೂರಿನವರು ಊಟದ ಮಾತೆತ್ತಿದ್ದು ಸರಿಯಾಗಿದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಆದೇಶಿಸಿದೆ. 2024ರ ಬರದ ಬೇಸಿಗೆಯಲ್ಲಿ ನಮ್ಮ ರಾಜ್ಯದಲ್ಲಿ ಕೊಟ್ಟರು ಕೂಡ. ಮಳೆ ಸರಿಯಾಗಿ ಬಂದ ವರ್ಷ ಮಕ್ಕಳಿಗೆ ಹಸಿವಾಗುವುದಿಲ್ಲವೇ ಎಂದು ಯಾರನ್ನು ಕೇಳುವುದು?

ಇನ್ನು ನಿಮ್ಮ ಐದು ಸಾವಿರ. ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ, ಖಾಸಗಿಯವರಿಗಿಂತ ಶುಲ್ಕ ಕಡಿಮೆ. ಅಲ್ಲೇ ಹತ್ತಿರ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದೆ. ಕಸ್ತೂರಬಾ ರಸ್ತೆಗೆ ದಾಟಿದರೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಹುಡುಗನನ್ನು ಅದರ ಮುಂದೆ ನಿಲ್ಲಿಸಿ, ಬಟ್ಟೆ ಹೊದಿಸಿದ ರೆಕ್ಕೆಯನ್ನು ತೋರಿಸಿ. ಅದೂ ಹೊಲಿಗೆಯವರ ಕೆಲಸವೇ! ರೈಟ್ ಸಹೋದರರು ರೆಕ್ಕೆಗೆ ಹೊದಿಸಿದ್ದು ಹತ್ತಿಯ ಮಸ್ಲಿನ್ ಬಟ್ಟೆ, ಹೊಲಿಗೆ ಯಂತ್ರದಲ್ಲಿ ಹೊಲಿದದ್ದು.

ದುಡ್ಡಿಲ್ಲದ ಒಂದು ಕೆಲಸವನ್ನೂ ಹೇಳುತ್ತೇನೆ. ಏಪ್ರಿಲ್ 24ರಂದು ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುವುದಿಲ್ಲ. ನಾವಿರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ವರ್ಷಕ್ಕೆ ಎರಡು ಸಲ ಹೀಗಾಗುತ್ತದೆ. ದೆಹಲಿಯವರಿಗೆ ಒಮ್ಮೆಯೂ ಇಲ್ಲ. ಒಂದು ವಾರ ಮೊದಲಿನಿಂದ ತಾರಸಿಯಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನೆರಳಿನ ತುದಿಗೆ ಗುರುತು ಹಾಕಿಸಿ. ನಿಮ್ಮ ಬಳಿ ದಾರದ ರೀಲು ಇದೆಯಲ್ಲ, ಅದಕ್ಕಿಂತ ಒಳ್ಳೆಯ ಉಪಕರಣ ಬೇಡ.

ಕೊನೆಗೊಂದು ಮಾತು, ತಪ್ಪು ತಿಳಿಯಬೇಡಿ. ದಿವಾನಿನ ಮೇಲೆ ಒಬ್ಬರು ಇದ್ದಾರೆ ಎಂದಿರಿ. ಅವರಿಗೆ ಬೇಸಿಗೆ ರಜೆ ಹೇಗೆ ಕಳೆಯುತ್ತದೆ ಎಂದು ಯಾರಾದರೂ ಕೇಳಿದ್ದೀರಾ?

ಸೂಜಿದಾರ (ಏಪ್ರಿಲ್ 25)

ಉತ್ತರಿಸಿದವರಿಗೆಲ್ಲ ಲೆಕ್ಕ ಒಪ್ಪಿಸಬೇಕಲ್ಲ, ಅದಕ್ಕೇ ಬಂದೆ.

ಮೂರು ಶಿಬಿರಗಳಿಗೆ ಫೋನ್ ಮಾಡಿ "ಕೊನೆಯ ದಿನ ಏನು?" ಎಂದು ಕೇಳಿದೆ. ಒಬ್ಬರು ಡ್ರೋನ್ ಛಾಯಾಗ್ರಹಣ ಎಂದರು. ಇನ್ನೊಬ್ಬರು ಉಡುಪಿಗೆ ಬೇರೆ 800 ರೂಪಾಯಿ ಎಂದರು. ನನಗೇ ಉಡುಪು ಮಾರುವವರು! ಮೂರನೆಯ ಕಡೆ ಒಬ್ಬ ಹೆಂಗಸು "ಏನೂ ಇಲ್ಲಮ್ಮ, ಮಾಡಿದ್ದನ್ನು ಮನೆಗೆ ತೆಗೆದುಕೊಂಡು ಹೋಗುತ್ತಾರೆ" ಎಂದರು. ಮಗಳು ಅಲ್ಲಿಗೆ ಹೋಗುತ್ತಿದ್ದಾಳೆ. ಹನ್ನೆರಡು ದಿನ, ಬರೀ ಮಣ್ಣಿನ ಕೆಲಸ, 1,800 ರೂಪಾಯಿ. ಮೊದಲ ಮೂರು ದಿನ ಮಾಡಿದ್ದೆಲ್ಲ ಬಿರುಕು ಬಿಟ್ಟಿತು. ಅಳುತ್ತ ಬಂದಳು, ಮಾರನೆಯ ದಿನ ನನಗಿಂತ ಮೊದಲು ಎದ್ದು ಕುಳಿತಿದ್ದಳು.

ಮಗ ಯಾವುದಕ್ಕೂ ಒಪ್ಪಲಿಲ್ಲ. ಒಂದು ಭಾನುವಾರ ಅಂಗಡಿ ಮುಚ್ಚಿ ಕಸ್ತೂರಬಾ ರಸ್ತೆಗೆ ಕರೆದೊಯ್ದೆ. ಬಸ್ಸಿನಲ್ಲಿ ನನಗೂ ಮಗಳಿಗೂ ಶೂನ್ಯ ಟಿಕೆಟ್, ಅವನಿಗೆ ಅರ್ಧ ಟಿಕೆಟ್. "ನಾನೊಬ್ಬನೇ ದುಡ್ಡು ಕೊಟ್ಟು ಬಂದವನು" ಎಂದು ದಾರಿಯುದ್ದಕ್ಕೂ ಬೀಗಿದ. ಮೇಷ್ಟರು ಹೇಳಿದ ವಿಮಾನದ ಮುಂದೆ ಮಾತ್ರ ಬಾಯಿ ಕಟ್ಟಿತು. ರೆಕ್ಕೆಯನ್ನು ಹತ್ತು ನಿಮಿಷ ನೋಡಿ, "ಅಮ್ಮಾ, ನೀನಾದರೆ ಹೊಲಿಗೆಯನ್ನು ಓರೆಯಾಗಿ ಹಾಕುತ್ತಿದ್ದೆಯಾ, ನೇರವಾಗಿಯಾ?" ಎಂದು ಕೇಳಿದ. ಹದಿನಾರು ವರ್ಷ ಹೊಲಿದಿದ್ದೇನೆ, ಮನೆಯಲ್ಲಿ ಒಬ್ಬರೂ ನನ್ನನ್ನು ಹೊಲಿಗೆಯ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಅತ್ತೆಯ ವಿಷಯ. ಮೇಷ್ಟರೇ, ನಿಮ್ಮ ಮಾತು ಓದಿ ಎರಡು ದಿನ ಸಿಟ್ಟು ಬಂದಿತ್ತು. ಮೂರನೆಯ ದಿನ ದಿವಾನನ್ನೇ ಕಿಟಕಿಯ ಬಳಿಗೆ ಎಳೆಸಿ, ಅಟ್ಟದಲ್ಲಿದ್ದ ಅಳಗುಳಿಮಣೆ ಇಳಿಸಿದೆ. ಒಂದು ಗುಳಿ ಗೆದ್ದಲು ತಿಂದು ದೊಡ್ಡದಾಗಿದೆ, ಅದರ ಹಳ್ಳಕ್ಕೆ ನನ್ನ ಗುಂಡಿಗಳೇ ಕಾಳು. ಈಗ ಮಧ್ಯಾಹ್ನ ಮೂರಾದರೆ ಪಕ್ಕದ ಮನೆಯ ಇಬ್ಬರು, ಎದುರು ಮನೆಯ ಒಬ್ಬಳು, ನಮ್ಮವರಿಬ್ಬರು. ಅತ್ತೆ ಮೋಸ ಮಾಡುತ್ತಾರೆ ಎಂದು ಮಗ ದೂರು ತಂದ. ವಿಚಾರಿಸಿದೆ, ಮಾಡುತ್ತಾರೆ. ಕೇಳಿದರೆ "ಲೆಕ್ಕ ಇಟ್ಟುಕೊಂಡಿದ್ದರೆ ತಾನೇ ಹಿಡಿಯುತ್ತಾನೆ" ಎನ್ನುತ್ತಾರೆ. ಈಗ ಅವನು ಹಿಡಿಯುತ್ತಾನೆ.

ಮೊಬೈಲು ಪೂರ್ತಿ ಬಿಟ್ಟಿಲ್ಲ, ಸುಳ್ಳೇಕೆ ಹೇಳಲಿ. ರಾತ್ರಿ ನಾನು ಹುಕ್ಕು ಹಾಕುವ ಹೊತ್ತಿನಲ್ಲಿ ಈಗಲೂ ಕೊಡುತ್ತೇನೆ.

ನಿನ್ನೆ ಹನ್ನೆರಡು ಗಂಟೆಗೆ ಎಲ್ಲರೂ ತಾರಸಿಗೆ ಹೋದೆವು. ಬ್ಲೌಸ್ ಒಯ್ಯಲು ಬಂದ ಗಿರಾಕಿಯೊಬ್ಬರೂ ಸೀರೆಯ ಸೆರಗು ತಲೆಗೆ ಹೊದ್ದು ಜೊತೆಗೆ ಬಂದರು. ಒಂದು ವಾರದ ಸೀಮೆಸುಣ್ಣದ ಗುರುತುಗಳು ಒಂದೊಂದೇ ಕೂದಲೆಳೆಯಷ್ಟು ರೀಲಿನ ಕಡೆ ಸರಿದಿದ್ದವು. 12:10ಕ್ಕೆ ಮೋಡ. ಮಗ ಮೋಡಕ್ಕೆ ಬೈದ. 12:15ಕ್ಕೆ ಸರಿಯಿತು. ಮರೂನು ದಾರದ ರೀಲು ನಡು ಬಿಸಿಲಲ್ಲಿ ನಿಂತಿತ್ತು, ಸುತ್ತ ಏನೂ ಇಲ್ಲ. ಮಗಳು ಮಂಡಿಯೂರಿ ರೀಲಿನ ಬುಡವನ್ನು ಬೆರಳಿನಿಂದ ಸವರಿ ನೋಡಿದಳು, ನೆರಳು ಅಡಿಗೆ ಹೋಗಿ ಅಡಗಿದೆಯೇನೋ ಎಂಬಂತೆ. ಎತ್ತಿದಳು. ಎತ್ತಿದ ಕೂಡಲೇ ಕೆಳಗೆ ದುಂಡನೆಯ ನೆರಳು ಬಿತ್ತು. "ಇಲ್ಲೇ ಇತ್ತು!" ಎಂದು ಕಿರುಚಿದಳು.

ಗಿರಾಕಿಯ ಬ್ಲೌಸಿಗೆ ತೋಳು ಇನ್ನೂ ಕೂಡಿಸಿರಲಿಲ್ಲ. ಅವರು ಏನೂ ಅನ್ನಲಿಲ್ಲ, ಶುಕ್ರವಾರ ಬರುತ್ತೇನೆ ಎಂದು ಹೋದರು.

ಇನ್ನೊಂದು ಸಲ ಆಗಸ್ಟ್ 18ರಂದು ಆಗುತ್ತದಂತೆ. ಅಂದು ಶಾಲೆಯ ದಿನ ಎಂದು ಇಬ್ಬರೂ ಈಗಿನಿಂದಲೇ ಗೊಣಗುತ್ತಿದ್ದಾರೆ.